ರಕ್ತದ ಜಿಡ್ಡು, ನಡುವಿನ ಸುತ್ತಳತೆ, ಹೃದಯದ ಕ್ಷೇಮ

ಭಯವೆಂಬುದು ಮನುಷ್ಯನನ್ನು ಒಂದೆರಡು ದಿನಗಳ ಮಟ್ಟಿಗೆ ಎಚ್ಚರಿಸುವುದು. ತಿಳಿವಳಿಕೆಯಾದರೋ ಅವನನ್ನು ಜೀವಮಾನದುದ್ದಕ್ಕೂ ಎಚ್ಚರವಾಗಿಡುವುದು. ೨೦೨೫ನೆಯ ಇಸವಿಯ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಒಬ್ಬರ ಮೇಲೊಬ್ಬರು ತೀರಿಕೊಂಡರೆಂಬ, ಅವರಲ್ಲಿ ಹಲವರು ಚಿಕ್ಕ ವಯಸ್ಸಿನವರೆಂಬ ಸುದ್ದಿ ನಾಡಿನಲ್ಲೆಲ್ಲ ಹಬ್ಬಿದುದು ವಾಚಕರ ನೆನಪಿನಲ್ಲಿರಬಹುದು. ಆಗ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನರು ಬೆಳಗಾಗುವ ಮುನ್ನವೇ ಬಂದು ಸಾಲುಗಟ್ಟಿ ನಿಂತರು. ಸರಕಾರವು ತಜ್ಞರ ಸಮಿತಿಯೊಂದನ್ನು ನೇಮಿಸಿ ವಿಚಾರಣೆ ನಡೆಯಿಸಿತು. ಸಮಿತಿಯವರಿಗೆ ಹೊಸದಾದ ಯಾವ ವ್ಯಾಧಿಯೂ ಕಾಣಲಿಲ್ಲ. ಮಧುಮೇಹ, ರಕ್ತದೊತ್ತಡ, ಹೊಗೆಸೊಪ್ಪು, ಮದ್ಯ ಮೊದಲಾದ ಹಳೆಯ ಶತ್ರುಗಳೇ ಕಂಡವು.

ಸಾಲು ಕರಗಿತು, ಪರೀಕ್ಷೆಯ ಕಾಗದಗಳು ಬೀರುವಿನ ಮೂಲೆಯನ್ನು ಸೇರಿದುವು. ಆದರೆ ಆ ಕಾಗದಗಳಲ್ಲಿನ ಅಂಕಿಗಳನ್ನು ಕುರಿತು ಮನೆಮನೆಗಳಲ್ಲಿ ಒಂದು ವಾದವು ಇನ್ನೂ ನಡೆದೇ ಇದೆ. ಒಂದು ಪಕ್ಷದವರು, “ಕೊಲೆಸ್ಟರಾಲ್ ಸರಿಯಾಗಿದೆಯೆಂದು ಬರೆದಿದ್ದರೆ ಮುಗಿಯಿತು, ಹೊಟ್ಟೆ ಕೊಂಚ ಮುಂದೆ ಬಂದರೇನು, ಸಕ್ಕರೆ ತುಸು ಏರಿದರೇನು?” ಎನ್ನುವರು. ಮತ್ತೊಂದು ಪಕ್ಷದವರು, “ಕೊಲೆಸ್ಟರಾಲೆಂಬುದು ಔಷಧ ಮಾರುವವರು ಹುಟ್ಟಿಸಿದ ಬೆದರುಗೊಂಬೆ; ಸಕ್ಕರೆ ಇಲ್ಲದೆ ಬೊಜ್ಜಿಲ್ಲದೆ ಇರುವವನ ರಕ್ತದಲ್ಲಿ ಅದು ಎಷ್ಟಿದ್ದರೂ ಬಾಧಕವಿಲ್ಲ” ಎನ್ನುವರು. ಇವೆರಡರಲ್ಲಿ ಯಾವುದನ್ನು ನಂಬಿ ನಡೆದರೂ ಒಂದು ಸಂಸಾರವು ತನ್ನ ಆಧಾರಸ್ತಂಭವನ್ನು ಅಕಾಲದಲ್ಲಿ ಕಳೆದುಕೊಳ್ಳುವ ಸಂಭವ ಉಂಟು. ಆದಕಾರಣ ಈ ತಿಂಗಳು ನಾವು ಇದೇ ವಿಷಯವನ್ನು ಎತ್ತಿಕೊಂಡಿರುವೆವು.

ಮೊದಲು ಕೊಲೆಸ್ಟರಾಲ್ ಎಂದರೇನೆಂಬುದನ್ನು ನೋಡೋಣ. ಅದು ಮೇಣದಂತಹ ಒಂದು ಜಿಡ್ಡು. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಹೊದಿಕೆಯಲ್ಲಿಯೂ ಅದು ಇರತಕ್ಕದ್ದು. ಅನ್ನವನ್ನು ಅರಗಿಸುವ ಪಿತ್ತರಸವೂ, ಸ್ತ್ರೀಪುರುಷ ಲಕ್ಷಣಗಳನ್ನುಂಟುಮಾಡುವ ರಸಗಳೂ ಅದರಿಂದಲೇ ಆಗುವುವು. ನಾವು ತಿನ್ನದಿದ್ದರೂ ಯಕೃತ್ತು ಅದನ್ನು ತಯಾರಿಸಿಕೊಳ್ಳುವುದು. ಹೀಗಿರುವಲ್ಲಿ ಅದನ್ನು ವಿಷವೆಂದು ಬಗೆಯುವುದು ಸರಿಯಲ್ಲ. ಟ್ರೈಗ್ಲಿಸರೈಡ್ ಎಂಬುದು ಇನ್ನೊಂದು ಬಗೆಯ ಜಿಡ್ಡು. ಉಂಡು ಮಿಕ್ಕ ಶಕ್ತಿಯನ್ನು ಶರೀರವು ಕೂಡಿಡುವುದು ಈ ರೂಪದಲ್ಲಿ. ಮನೆಯಲ್ಲಿ ಹಗೇವಿನ ಧಾನ್ಯವಿದ್ದಂತೆ ಇದು.

ಎಣ್ಣೆಯೂ ನೀರೂ ಬೆರೆಯವೆಂಬುದನ್ನು ಅಡುಗೆಮನೆಯಲ್ಲಿ ಕಾಣದವರಾರು? ರಕ್ತವು ನೀರಿನ ಸ್ವಭಾವದ್ದು. ಆದುದರಿಂದ ಜಿಡ್ಡು ರಕ್ತದಲ್ಲಿ ಸಂಚರಿಸಬೇಕಾದರೆ ಅದಕ್ಕೊಂದು ವಾಹನ ಬೇಕು. ಈ ವಾಹನಗಳನ್ನು ನಾವು ಸಂತೆಗೆ ಸಾಮಾನು ಹೊತ್ತು ಹೋಗುವ ಗಾಡಿಗಳೆಂದು ಭಾವಿಸಿಕೊಳ್ಳಬಹುದು. ಯಕೃತ್ತಿನಿಂದ ಹೊರಟ ದೊಡ್ಡ ಗಾಡಿಗಳು ಟ್ರೈಗ್ಲಿಸರೈಡನ್ನು ಹೊತ್ತು ದಾರಿಯುದ್ದಕ್ಕೂ ಇಳಿಸುತ್ತ ಹೋಗಿ, ಕಡೆಯಲ್ಲಿ ಕೊಲೆಸ್ಟರಾಲ್ ಮಾತ್ರ ಹೆಚ್ಚಾಗಿ ಉಳಿದ ಸಣ್ಣ ಗಾಡಿಗಳಾಗುವುವು. ಇವಕ್ಕೆ ಎಲ್.ಡಿ.ಎಲ್. ಎಂದು ಹೆಸರು. ಎಚ್.ಡಿ.ಎಲ್. ಎಂಬ ಬೇರೊಂದು ಜಾತಿಯ ಗಾಡಿಗಳು ಅಲ್ಲಲ್ಲಿ ಮಿಕ್ಕ ಕೊಲೆಸ್ಟರಾಲನ್ನು ಹೇರಿಕೊಂಡು ಯಕೃತ್ತಿಗೆ ಹಿಂದಿರುಗಿಸುವುವು. ಜನರು ಮೊದಲನೆಯದನ್ನು ಕೆಟ್ಟದ್ದೆಂದೂ ಎರಡನೆಯದನ್ನು ಒಳ್ಳೆಯದೆಂದೂ ಕರೆಯುವುದುಂಟು.

ಈ ಗಾಡಿಗಳು ಹೃದಯಕ್ಕೆ ಹೇಗೆ ಕೇಡನ್ನು ತರುವುವು? ಬಚ್ಚಲ ಕೊಳವೆಯಲ್ಲಿ ಜಿಡ್ಡು ಕಟ್ಟಿ ನೀರು ನಿಲ್ಲುವಂತೆ ರಕ್ತನಾಳವೂ ಕಟ್ಟಿಕೊಳ್ಳುವುದೆಂದು ಅನೇಕರು ತಿಳಿದಿರುವರು. ನಿಜವಾದ ಸಂಗತಿ ಹಾಗಲ್ಲ. ಜಿಡ್ಡು ಕೊಳವೆಯ ಮೈಮೇಲೆ ಅಂಟುವುದಿಲ್ಲ. ಗೋಡೆಯ ಗಿಲಾವಿನ ಹಿಂದಕ್ಕೆ ತೇವ ಇಳಿಯುವಂತೆ ಧಮನಿಯ ಒಳಪೊರೆಯ ಹಿಂದಕ್ಕೆ ಇಳಿಯುವುದು. ಒಳಹೊಕ್ಕ ಎಲ್.ಡಿ.ಎಲ್. ಕಣಗಳು ಅಲ್ಲಿ ಸಿಕ್ಕಿಕೊಂಡು ಕೆಡುವುವು. ದೇಹದ ಕಾವಲುಗಾರರಾದ ಬಿಳಿಯ ರಕ್ತಕಣಗಳು ಅವನ್ನು ನುಂಗಿ, ಜೀರ್ಣಿಸಿಕೊಳ್ಳಲಾರದೆ ಅಲ್ಲಿಯೇ ಸಾಯುವುವು. ಹೀಗೆ ಹತ್ತಾರು ವರ್ಷ ನಡೆಯಲು, ಗೋಡೆಯೊಳಗೊಂದು ಕುರುವಿನಂತಹ ಗಂಟು ಬೆಳೆಯುವುದು. ಒಂದು ದಿನ ಅದರ ತೆಳುವಾದ ಮುಚ್ಚಳ ಒಡೆಯಿತೆಂದರೆ, ಗಾಯವಾಯಿತೆಂದು ಬಗೆದು ರಕ್ತವು ಅಲ್ಲಿ ಹೆಪ್ಪುಗಟ್ಟುವುದು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿದುಕೊಳ್ಳುವ ಹೃದಯದ ಮಾಂಸಕ್ಕೆ ಅನ್ನಪಾನಗಳನ್ನು ಒಯ್ಯುವ ಧಮನಿಯು ಕೆಲವೇ ನಿಮಿಷಗಳಲ್ಲಿ ಮುಚ್ಚಿಹೋಗುವುದು. ಇದೇ ಹೃದಯಾಘಾತ. “ನಿನ್ನೆ ಸಂಜೆಯ ತನಕ ಕಲ್ಲುಗುಂಡಿನಂತಿದ್ದರು” ಎಂದು ಜನರು ಮರುಗುವುದರ ಮರ್ಮ ಇಷ್ಟೆ. ರೋಗವು ಹಿಂದಿನ ಸಂಜೆ ಹುಟ್ಟಿದುದಲ್ಲ; ಇಪ್ಪತ್ತು ಮೂವತ್ತು ವರ್ಷಗಳಿಂದ ಗೋಡೆಯೊಳಗೆ ಬೆಳೆಯುತ್ತಿದ್ದುದು.

ಕೊಲೆಸ್ಟರಾಲಿನ ಮೇಲಿನ ಈ ಆರೋಪವು ಬರಿಯ ಊಹೆಯೆ? ಇದರ ಚರಿತ್ರೆ ನೂರು ವರ್ಷಕ್ಕೂ ಮಿಕ್ಕದ್ದು. ೧೯೧೩ರಲ್ಲಿ ರಷ್ಯಾ ದೇಶದ ನಿಕೊಲಾಯ್ ಅನಿಚ್ಕೋವ್ ಎಂಬ ವಿಜ್ಞಾನಿಯು ಮೊಲಗಳಿಗೆ ಶುದ್ಧ ಕೊಲೆಸ್ಟರಾಲನ್ನು ತಿನ್ನಿಸಿ, ಅವುಗಳ ಧಮನಿಗಳಲ್ಲಿ ಗಂಟುಗಳು ಬೆಳೆದುದನ್ನು ತೋರಿಸಿದನು. ಮೊಲವು ಸೊಪ್ಪು ತಿನ್ನುವ ಪ್ರಾಣಿ, ಮನುಷ್ಯನ ಮಾತೇ ಬೇರೆ ಎಂದು ಹಲವರು ಆಕ್ಷೇಪಿಸಿದರು. ೧೯೪೮ರಲ್ಲಿ ಅಮೆರಿಕಾದ ಮ್ಯಾಸಚೂಸೆಟ್ಸ್ ಪ್ರಾಂತದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ೫,೨೦೯ ಮಂದಿ ಸ್ತ್ರೀಪುರುಷರನ್ನು ಆರಿಸಿಕೊಂಡು, ಅವರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಬಂದರು. ಕೊಲೆಸ್ಟರಾಲ್ ಹೆಚ್ಚಿದ್ದವರೂ ರಕ್ತದೊತ್ತಡವಿದ್ದವರೂ ಹೆಚ್ಚಾಗಿ ಹೃದ್ರೋಗಕ್ಕೆ ಒಳಗಾದುದು ಅಲ್ಲಿ ಸ್ಪಷ್ಟವಾಯಿತು. ಬಳಿಕ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಎಂಬಿಬ್ಬರು, ರಕ್ತದಿಂದ ಎಲ್.ಡಿ.ಎಲ್. ಕಣಗಳನ್ನು ಹಿಡಿದೆಳೆದುಕೊಳ್ಳುವ ಕೊಕ್ಕೆಗಳು ಜೀವಕೋಶಗಳ ಮೈಮೇಲೆ ಇರುವುವೆಂದು ಕಂಡುಹಿಡಿದು, ೧೯೮೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ತಂದೆತಾಯಿಗಳಿಬ್ಬರಿಂದಲೂ ಕೆಟ್ಟ ಕೊಕ್ಕೆಗಳನ್ನೇ ಪಡೆದು ಹುಟ್ಟಿದ ಮಕ್ಕಳು ಬಾಲ್ಯದಲ್ಲಿಯೇ ಹೃದಯಾಘಾತಕ್ಕೆ ಗುರಿಯಾಗುವರು. ಆ ಎಳೆಯರಿಗೆ ಬೊಜ್ಜಿಲ್ಲ, ಬೀಡಿಯಿಲ್ಲ, ಚಿಂತೆಯಿಲ್ಲ. ಇದ್ದುದೊಂದೇ, ಮೇರೆ ಮೀರಿದ ಎಲ್.ಡಿ.ಎಲ್. ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕೆ?

ಬೇಕೆನ್ನುವವರಿಗೆ ಅದೂ ಉಂಟು. ಜಪಾನಿನ ಅಕಿರಾ ಎಂಡೋ ಎಂಬ ವಿಜ್ಞಾನಿಯು ಸಾವಿರಾರು ಬಗೆಯ ಬೂಷ್ಟುಗಳನ್ನು ಶೋಧಿಸಿ, ಕ್ಯೋಟೋ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ದೊರೆತ ಬೂಷ್ಟಿನಿಂದ, ಕೊಲೆಸ್ಟರಾಲಿನ ತಯಾರಿಕೆಯನ್ನು ತಡೆಯುವ ವಸ್ತುವನ್ನು ೧೯೭೩ರಲ್ಲಿ ಹೊರತೆಗೆದನು. ಇಂದು ಸ್ಟಾಟಿನ್ ಎಂದು ಹೆಸರಾದ ಗುಳಿಗೆಗಳ ಮೂಲಪುರುಷ ಅದು. ೧೯೯೪ರಲ್ಲಿ ಉತ್ತರ ಯೂರೋಪಿನ ೪,೪೪೪ ಮಂದಿ ಹೃದ್ರೋಗಿಗಳ ಪರೀಕ್ಷೆಯ ಫಲವು ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಇಂತಹ ಗುಳಿಗೆಯನ್ನೂ, ಉಳಿದರ್ಧಕ್ಕೆ ನೋಡಲು ಅಂತಹದೇ ಆದ ಬರಿಗುಳಿಗೆಯನ್ನೂ ಕೊಟ್ಟು ಐದು ವರ್ಷಕ್ಕೂ ಮೇಲ್ಪಟ್ಟು ಕಾದು ನೋಡಿದರು. ಬರಿಗುಳಿಗೆಯವರಲ್ಲಿ ೨೫೬ ಮಂದಿ ಸತ್ತರು. ಔಷಧದವರಲ್ಲಿ ೧೮೨ ಮಂದಿ. ಕೊಲೆಸ್ಟರಾಲನ್ನು ಇಳಿಸಿದುದರಿಂದ ಪ್ರಾಣ ಉಳಿಯಿತೆಂಬುದು ಇದರಿಂದ ಸ್ಥಿರಪಟ್ಟಿತು.

ಇಷ್ಟನ್ನು ಓದಿದ ಮೊದಲನೆಯ ಪಕ್ಷದವರು ತಾವು ಗೆದ್ದೆವೆಂದು ಹಿಗ್ಗಬೇಕಾಗಿಲ್ಲ. ಹೃದಯಕ್ಕೆ ಕೇಡು ಬರುವ ದಾರಿ ಇದೊಂದೇ ಅಲ್ಲ. ಎರಡನೆಯ ದಾರಿಯು ನಮ್ಮ ದೇಶದಲ್ಲಿ ಇನ್ನೂ ಹೆಚ್ಚು ಸವೆದ ದಾರಿ. ಅದು ಹೊರಡುವುದು ನಡುವಿನ ಸುತ್ತಳತೆಯಿಂದ.

ನಾವುಂಡ ಅನ್ನವು ಸಕ್ಕರೆಯಾಗಿ ರಕ್ತಕ್ಕೆ ಬರುವುದು. ಅದನ್ನು ಸ್ನಾಯುಗಳೊಳಕ್ಕೆ ಸೇರಿಸಲು ಬಾಗಿಲು ತೆರೆಯುವ ಬೀಗದ ಕೈ ಇನ್ಸುಲಿನ್ ಎಂಬ ರಸ. ದೇಹವನ್ನು ದುಡಿಸದೆ, ಅವಶ್ಯಕತೆಗಿಂತ ಹೆಚ್ಚಾಗಿ ಉಣ್ಣುತ್ತ ಬಂದರೆ, ಮಿಕ್ಕ ಕೊಬ್ಬು ಚರ್ಮದಡಿಯ ತನ್ನ ಸ್ಥಾನವನ್ನು ಮೀರಿ ಹೊಟ್ಟೆಯೊಳಗೂ ಯಕೃತ್ತಿನೊಳಗೂ ತುಂಬಿಕೊಳ್ಳುವುದು. ಆಗ ಬೀಗ ತುಕ್ಕು ಹಿಡಿದಂತಾಗಿ, ಒಂದು ಬೀಗದ ಕೈಯಿಂದ ಆಗಬೇಕಾದ ಕೆಲಸಕ್ಕೆ ಮೂರು ನಾಲ್ಕು ಬೇಕಾಗುವುವು. ರಕ್ತದಲ್ಲಿ ಇನ್ಸುಲಿನ್ ಹೆಚ್ಚುವುದು, ಯಕೃತ್ತು ಟ್ರೈಗ್ಲಿಸರೈಡು ತುಂಬಿದ ಗಾಡಿಗಳನ್ನು ಒಂದೇ ಸಮನೆ ಹೊರಡಿಸುವುದು, ಎಚ್.ಡಿ.ಎಲ್. ಇಳಿಯುವುದು, ಎಲ್.ಡಿ.ಎಲ್. ಕಣಗಳು ಗಾತ್ರದಲ್ಲಿ ಕಿರಿದಾಗಿ ಸಂಖ್ಯೆಯಲ್ಲಿ ಹೆಚ್ಚುವುವು; ರಕ್ತದೊತ್ತಡ ಏರುವುದು. ಇವೆಲ್ಲ ಒಂದೇ ಬಳ್ಳಿಯ ಕಾಯಿಗಳೆಂಬುದನ್ನು ೧೯೮೮ರಲ್ಲಿ ಅಮೆರಿಕಾದ ಜೆರಾಲ್ಡ್ ರೀವನ್ ಎಂಬ ವೈದ್ಯನು ಎತ್ತಿ ತೋರಿಸಿದನು.

ಈ ಬಳ್ಳಿಯನ್ನು ಗುರುತಿಸಲು ವೈದ್ಯರು ಐದು ಕುರುಹುಗಳನ್ನು ಹೇಳುವರು. ನಮ್ಮ ದೇಶದವರಿಗೆ ಹೊಂದುವಂತೆ ಅವು ಇಂತಿವೆ: ನಡುವಿನ ಸುತ್ತಳತೆ ಗಂಡಸರಿಗೆ ೯೦ ಸೆಂಟಿಮೀಟರ್, ಹೆಂಗಸರಿಗೆ ೮೦ ಸೆಂಟಿಮೀಟರ್ ಅಥವಾ ಅದಕ್ಕೆ ಮೇಲೆ, ಟ್ರೈಗ್ಲಿಸರೈಡ್ ೧೫೦ ಅಥವಾ ಅದಕ್ಕೆ ಮೇಲೆ, ಎಚ್.ಡಿ.ಎಲ್. ಗಂಡಸರಿಗೆ ೪೦ಕ್ಕೂ ಹೆಂಗಸರಿಗೆ ೫೦ಕ್ಕೂ ಕಡಿಮೆ. ರಕ್ತದೊತ್ತಡ ೧೩೦ಕ್ಕೆ ಅಥವಾ ಕೆಳಗಿನ ಅಂಕಿ ೮೫ಕ್ಕೆ ಮುಟ್ಟಿರುವುದು. ಬರಿಹೊಟ್ಟೆಯ ಸಕ್ಕರೆ ೧೦೦ ಅಥವಾ ಅದಕ್ಕೆ ಮೇಲೆ. ಇವುಗಳಲ್ಲಿ ಯಾವ ಮೂರು ಕೂಡಿದರೂ ಶರೀರದ ಜಮಾಖರ್ಚು ಕೆಟ್ಟಿದೆಯೆಂದೇ ಅರ್ಥ. ಮೊದಲನೆಯ ಕುರುಹಿಗೆ ಆಸ್ಪತ್ರೆಯೂ ಬೇಡ, ಹಣವೂ ಬೇಡ. ದರ್ಜಿಯ ಅಳತೆಪಟ್ಟಿಯೊಂದಿದ್ದರೆ ಸಾಕು.

ಇದರಲ್ಲಿ ನಮ್ಮವರು ವಿಶೇಷವಾಗಿ ಎಚ್ಚರದಿಂದಿರಬೇಕಾದ ಕಾರಣವೊಂದುಂಟು. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ೨೦೦೪ರಲ್ಲಿ ತಮ್ಮಿಬ್ಬರ ಚಿತ್ರಗಳನ್ನೇ ಪಕ್ಕಪಕ್ಕದಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರೂ ಸಮಸಮ, ಇಬ್ಬರೂ ತೆಳ್ಳಗಿನವರು. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ ೯ ಪಾಲು. ಯಾಜ್ಞಿಕರ ಮೈಯಲ್ಲಿ ನೂರಕ್ಕೆ ೨೧ ಪಾಲು. ಕಣ್ಣಿಗೆ ಸಣಕಲಾಗಿ ಕಾಣುವ ಭಾರತೀಯನ ಒಳಗೆ ಕೊಬ್ಬು ಅಡಗಿರಬಹುದೆಂಬುದಕ್ಕೆ ಇದಕ್ಕಿಂತ ಸರಳವಾದ ದೃಷ್ಟಾಂತ ಸಿಕ್ಕದು. ೨೦೦೭ರಲ್ಲಿ ಪ್ರಕಟವಾದ ಬಹುದೇಶಗಳ ಅಧ್ಯಯನವೊಂದರಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು ೫೩ ಎಂದೂ, ಇತರರಿಗೆ ಸುಮಾರು ೫೯ ಎಂದೂ ತಿಳಿದುಬಂದಿತು. ಮಗಳ ಮದುವೆ, ಮಗನ ಓದು, ಮನೆಯ ಸಾಲ ಇವೆಲ್ಲ ಒಟ್ಟಿಗೆ ಬರುವ ಕಾಲದಲ್ಲಿ ಆರು ವರ್ಷಗಳೆಂದರೆ ಎಷ್ಟೆಂಬುದನ್ನು ಗೃಹಸ್ಥರಿಗೆ ನಾವು ಹೇಳಬೇಕಾಗಿಲ್ಲ.

ಈ ಕಥೆಯ ಒಂದು ಅಧ್ಯಾಯವು ಮೈಸೂರಿನಲ್ಲಿಯೇ ಬರೆಯಲ್ಪಟ್ಟಿದೆ. ಅಲ್ಲಿನ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಹುಟ್ಟಿದ ಶಿಶುಗಳ ತೂಕವನ್ನು ಹಿಂದಿನವರು ಪುಸ್ತಕಗಳಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ೧೯೩೪ರಿಂದ ೧೯೫೪ರ ವರೆಗೆ ಅಲ್ಲಿ ಜನಿಸಿದವರಲ್ಲಿ ೫೧೭ ಮಂದಿಯನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿ, ಫಲವನ್ನು ೧೯೯೬ರಲ್ಲಿ ಪ್ರಕಟಿಸಿದರು. ಎರಡೂವರೆ ಕಿಲೋಗ್ರಾಮಿಗೆ ಮೀರದ ತೂಕದಿಂದ ಹುಟ್ಟಿದವರಲ್ಲಿ ನೂರಕ್ಕೆ ೧೧ ಮಂದಿಗೆ ಹೃದ್ರೋಗವಿದ್ದಿತು. ಮೂರು ಕಿಲೋಗ್ರಾಮನ್ನು ದಾಟಿ ಹುಟ್ಟಿದವರಲ್ಲಿ ನೂರಕ್ಕೆ ೩ ಮಂದಿಗೆ. ತಾಯಿಯ ಗರ್ಭದಲ್ಲಿ ಸಾಲದೆ ಬೆಳೆದ ಕೂಸು ಮುಂದೆ ಹೇರಳವಾದ ಊಟವನ್ನು ಕಂಡಾಗ ಅದನ್ನು ತಾಳಿಕೊಳ್ಳಲಾರದೆಂದು ಬಲ್ಲವರು ಇದಕ್ಕೆ ಅರ್ಥ ಹೇಳುವರು. ಆದುದರಿಂದ ಬಸುರಿ ಹೆಣ್ಣಿನ ಊಟವು ಮುಂದಿನ ಐವತ್ತು ವರ್ಷಗಳ ಹೃದಯದ ಮಾತೂ ಹೌದು.

ಈಗ ಎರಡು ಪಕ್ಷಗಳ ವಾದವನ್ನು ಒಂದು ಕಲ್ಪಿತ ಲೆಕ್ಕದಿಂದ ತೀರ್ಮಾನಿಸೋಣ. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ರಾಯರೊಬ್ಬರು ಇರುವರೆಂದು ಭಾವಿಸಿರಿ. ಅವರ ಒಟ್ಟು ಕೊಲೆಸ್ಟರಾಲ್ ೧೯೦, ಎಚ್.ಡಿ.ಎಲ್. ೩೨, ಟ್ರೈಗ್ಲಿಸರೈಡ್ ೨೬೦. ಪ್ರಯೋಗಶಾಲೆಯವರು ಸಾಮಾನ್ಯವಾಗಿ ಎಲ್.ಡಿ.ಎಲ್. ತಿಳಿಯುವುದು ಹೀಗೆ: ಒಟ್ಟಿನಲ್ಲಿ ಎಚ್.ಡಿ.ಎಲ್. ಕಳೆದು, ಟ್ರೈಗ್ಲಿಸರೈಡಿನ ಐದನೆಯ ಒಂದು ಪಾಲನ್ನೂ ಕಳೆಯುವರು. ರಾಯರದು ೧೯೦ರಲ್ಲಿ ೩೨ ಹೋಗಿ, ೫೨ ಹೋಗಿ, ೧೦೬ ಆಯಿತು. “ಒಟ್ಟು ಇನ್ನೂರರೊಳಗಿದೆ, ಎಲ್.ಡಿ.ಎಲ್. ನೂರರ ಆಸುಪಾಸಿನಲ್ಲಿದೆ” ಎಂದು ರಾಯರು ನಿಶ್ಚಿಂತರಾದರು. ಆದರೆ ಅವರ ನಡು ೯೮ ಸೆಂಟಿಮೀಟರ್, ಸಕ್ಕರೆ ೧೧೨, ರಕ್ತದೊತ್ತಡ ೧೩೬ಕ್ಕೆ ೮೮. ಐದು ಕುರುಹುಗಳೂ ಅವರಲ್ಲಿ ನೆಲಸಿವೆ.

ಇಲ್ಲಿ ಗಾಡಿಗಳ ಉಪಮಾನವನ್ನು ಮತ್ತೆ ನೆನೆಯಬೇಕು. ಎಲ್.ಡಿ.ಎಲ್. ಅಂಕಿಯು ಹೇಳುವುದು ಹೇರಿದ ಸಾಮಾನಿನ ತೂಕವನ್ನೇ ಹೊರತು ಗಾಡಿಗಳ ಸಂಖ್ಯೆಯನ್ನಲ್ಲ. ರಾಯರಂತಹವರಲ್ಲಿ ಒಂದೊಂದು ಗಾಡಿಯ ಹೇರು ಕಡಿಮೆ, ಗಾಡಿಗಳು ಬಹಳ. ಧಮನಿಯ ಗೋಡೆಯೊಳಕ್ಕೆ ನುಗ್ಗುವುದು ಗಾಡಿಯಾದುದರಿಂದ ಸಂಖ್ಯೆಯೇ ಮುಖ್ಯ. ಪ್ರತಿಯೊಂದು ಗಾಡಿಗೂ ಒಬ್ಬನೇ ಗಾಡಿಯಾಳಿದ್ದಂತೆ, ಇಂತಹ ಪ್ರತಿಯೊಂದು ಕಣದಲ್ಲಿಯೂ ಅಪೋ-ಬಿ ಎಂಬ ಸಸಾರಜನಕ ಒಂದೇ ಒಂದು ಇರುವುದು. ಅದನ್ನು ಅಳೆದರೆ ಗಾಡಿಗಳನ್ನು ಎಣಿಸಿದಂತಾಯಿತು. ಆ ಪರೀಕ್ಷೆ ದೊರೆಯದ ಕಡೆ ಮನೆಯಲ್ಲಿಯೇ ಒಂದು ಲೆಕ್ಕ ಮಾಡಬಹುದು: ಒಟ್ಟು ಕೊಲೆಸ್ಟರಾಲಿನಲ್ಲಿ ಎಚ್.ಡಿ.ಎಲ್. ಕಳೆಯಿರಿ. ರಾಯರದು ೧೫೮. ಭಾರತೀಯ ಹೃದ್ರೋಗ ವೈದ್ಯರ ಸಂಘವು ೨೦೨೪ರಲ್ಲಿ ಹೊರಡಿಸಿದ ಸೂಚನೆಗಳ ಮೇರೆಗೆ, ಅಪಾಯ ಕಡಿಮೆಯಿರುವವರಿಗೂ ಇದು ೧೩೦ರೊಳಗೂ ಎಲ್.ಡಿ.ಎಲ್. ೧೦೦ರೊಳಗೂ ಇರಬೇಕು. ಮಧುಮೇಹ, ರಕ್ತದೊತ್ತಡಗಳಿರುವವರಿಗೆ ಎಲ್.ಡಿ.ಎಲ್. ೭೦ರೊಳಗೆ, ಒಮ್ಮೆ ಹೃದಯಾಘಾತವಾದವರಿಗೆ ೫೫ರೊಳಗೆ. ಒಂದೇ ಅಂಕಿಯು ಎಲ್ಲರಿಗೂ ಸರಿಯಲ್ಲವೆಂಬುದನ್ನು ಇದರಿಂದ ತಿಳಿಯತಕ್ಕದ್ದು.

ಇನ್ನು ಹೊಲದಲ್ಲಿ ದುಡಿಯುವ ಗೌಡರೊಬ್ಬರನ್ನು ಭಾವಿಸಿರಿ. ನಡು ೮೦ ಸೆಂಟಿಮೀಟರ್, ಸಕ್ಕರೆ ೮೮, ರಕ್ತದೊತ್ತಡ ೧೧೮ಕ್ಕೆ ೭೬, ಟ್ರೈಗ್ಲಿಸರೈಡ್ ೯೦, ಎಚ್.ಡಿ.ಎಲ್. ೫೫. ಐದು ಕುರುಹುಗಳಲ್ಲಿ ಒಂದೂ ಇಲ್ಲ. ಆದರೆ ಒಟ್ಟು ಕೊಲೆಸ್ಟರಾಲ್ ೨೯೦; ಲೆಕ್ಕ ಹಾಕಿದರೆ ಎಲ್.ಡಿ.ಎಲ್. ೨೧೭. ಅವರ ತಂದೆ ನಲವತ್ತೈದಕ್ಕೆ ಎದೆನೋವಿನಿಂದ ತೀರಿಹೋದವರು. ಎಲ್.ಡಿ.ಎಲ್. ೧೯೦ನ್ನು ಮುಟ್ಟಿದರೆ ಅದು ವಂಶದಿಂದ ಬಂದ ಕೊಕ್ಕೆಯ ದೋಷವಿರಬಹುದೆಂದು ವೈದ್ಯರು ಶಂಕಿಸುವರು. ಸುಮಾರು ೨೫೦ ಮಂದಿಗೆ ಒಬ್ಬರಲ್ಲಿ ಇದಿರುವುದು. ಇದ್ದವರ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಂಭವ ಅರ್ಧಕ್ಕರ್ಧ. ಗೌಡರ ದುಡಿಮೆಯೂ ತೆಳುವಾದ ಮೈಯೂ ದೊಡ್ಡ ಭಾಗ್ಯವೇ ಸರಿ. ಆದರೂ ಅವು ಈ ಅಂಕಿಯನ್ನು ಅಳಿಸಲಾರವು. ಅವರಿಗೆ ಔಷಧ ಬೇಕು. ಅವರ ಮಕ್ಕಳಿಗೆ ರಕ್ತಪರೀಕ್ಷೆ ಬೇಕು. ರಾಯರು ಮೊದಲನೆಯ ಪಕ್ಷದ ಮಾತಿನಿಂದ ಮೋಸಹೋಗುವರು; ಗೌಡರು ಎರಡನೆಯ ಪಕ್ಷದ ಮಾತಿನಿಂದ. ದಾರಿಗಳು ಎರಡು, ಎರಡಕ್ಕೂ ಕಾವಲು ಬೇಕು. ಎರಡೂ ಒಬ್ಬನಲ್ಲಿಯೇ ಕೂಡಿದರೆ ಕೇಡು ಇಮ್ಮಡಿಯಾಗುವುದೆಂದು ಬೇರೆ ಹೇಳಬೇಕೆ?

ದಾರಿಗಳು ಬೇರೆಯಾದಂತೆ ಮನೆಯ ಮದ್ದುಗಳೂ ಬೇರೆ. ಟ್ರೈಗ್ಲಿಸರೈಡು ಏರುವುದು ಹೆಚ್ಚಾಗಿ ಸಕ್ಕರೆ, ಮೈದಾ, ಮಿತಿಮೀರಿದ ಅನ್ನ ಮತ್ತು ಮದ್ಯಗಳಿಂದ. ಅದು ಇಳಿಯುವುದು ಇವನ್ನು ತಗ್ಗಿಸಿ ಮೈಯನ್ನು ದುಡಿಸುವುದರಿಂದ. ತೂಕವಿದ್ದವರು ನೂರಕ್ಕೆ ಐದರಿಂದ ಹತ್ತು ಪಾಲು ಇಳಿದರೂ ಅದು ಚೆನ್ನಾಗಿ ತಗ್ಗುವುದು. ಎಲ್.ಡಿ.ಎಲ್. ಏರುವುದು ಬೆಣ್ಣೆ, ತುಪ್ಪ, ತೆಂಗಿನೆಣ್ಣೆ, ತಾಳೆಯೆಣ್ಣೆ, ಕೊಬ್ಬಿನ ಮಾಂಸ, ವನಸ್ಪತಿ ಇವುಗಳಿಂದ. ಅದು ಇಳಿಯುವುದು ಇವುಗಳ ಬದಲು ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ ಮೊದಲಾದ ಎಣ್ಣೆಗಳನ್ನು ಹಿತಮಿತವಾಗಿ ಬಳಸುವುದರಿಂದ, ಮತ್ತು ಬೇಳೆಕಾಳು, ಸೊಪ್ಪು, ತರಕಾರಿಗಳ ನಾರಿನಿಂದ. ಅನ್ನವನ್ನು ಪೂರ್ತಿಯಾಗಿ ಬಿಟ್ಟು, ಅದರ ಬದಲು ತುಪ್ಪ ಬೆಣ್ಣೆಗಳನ್ನು ಯಥೇಚ್ಛವಾಗಿ ಸೇವಿಸುವ ಪದ್ಧತಿಯೊಂದು ಈಚೆಗೆ ಪ್ರಚಾರಕ್ಕೆ ಬಂದಿದೆ. ಅದರಿಂದ ತೂಕವೂ ಟ್ರೈಗ್ಲಿಸರೈಡೂ ಇಳಿಯುವುದು ನಿಜ. ಆದರೆ ಕೆಲವರಲ್ಲಿ ಎಲ್.ಡಿ.ಎಲ್. ಬೆಟ್ಟದಂತೆ ಏರುವುದೂ ನಿಜ. ಹಾಗೆ ಮಾಡುವವರು ಮೂರು ತಿಂಗಳಿಗೊಮ್ಮೆಯಾದರೂ ರಕ್ತವನ್ನು ಪರೀಕ್ಷಿಸಿಕೊಳ್ಳದೆ ಇರಬಾರದು.

ಗೃಹಿಣಿಯರು ಕೇಳಬಹುದು: ಹಾಗಾದರೆ ಒಲೆಯ ಮೇಲೆ ಏನಿಡೋಣ? ಹೊಸದೇನೂ ಬೇಡ. ಎಲೆಯ ಮೇಲಿನ ಪ್ರಮಾಣವನ್ನು ಬದಲಾಯಿಸಿದರೆ ಸಾಕು. ಎರಡು ಸಲ ಬಡಿಸುವ ಅನ್ನ ಒಂದು ಸಲವಾಗಲಿ. ಮಿಳ್ಳೆಯಲ್ಲಿ ಬಡಿಸುತ್ತಿದ್ದ ಹುಳಿ, ಕೂಟು, ಪಲ್ಯಗಳು ಸೌಟಿನಲ್ಲಿ ಬರಲಿ. ಕೋಸಂಬರಿ ಹಬ್ಬಕ್ಕೆ ಮಾತ್ರ ಮೀಸಲಾಗದಿರಲಿ. ರಾಗಿಯಲ್ಲಿ ನಾರು ಹೆಚ್ಚೆಂಬುದು ದಿಟ. ಆದರೂ ಅದು ಹಿಟ್ಟಿನ ಪದಾರ್ಥವೇ. ಕೂತಲ್ಲೇ ಇರುವವನು ಹೊಲದವನ ಗಾತ್ರದ ಮುದ್ದೆಯನ್ನು ನುಂಗಬೇಕಾಗಿಲ್ಲ. ತುಪ್ಪವು ಚಮಚದಲ್ಲಿ ಬರಲಿ, ಗಿಂಡಿಯಿಂದ ಸುರಿಯದಿರಲಿ. ಎಣ್ಣೆಯೆಲ್ಲ ಸೇರಿ ತಲೆಗೆ ತಿಂಗಳಿಗೆ ಅರ್ಧ ಲೀಟರನ್ನು ಮೀರದಂತೆ ನೋಡಿಕೊಂಡರೆ ಲೆಕ್ಕ ಸುಲಭ. ನಾಲ್ವರ ಮನೆಗೆ ಎರಡು ಲೀಟರು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ವನಸ್ಪತಿಯಲ್ಲಿನ ಟ್ರಾನ್ಸ್ ಎಂಬ ಕೆಟ್ಟ ಜಿಡ್ಡು ನೂರಕ್ಕೆ ಎರಡು ಪಾಲನ್ನು ಮೀರಬಾರದೆಂದು ೨೦೨೨ರ ಜನವರಿಯಿಂದ ಕಾನೂನೇ ಆಗಿದೆ. ಉಪ್ಪು ತಲೆಗೆ ದಿನಕ್ಕೆ ಐದು ಗ್ರಾಮ್, ಎಂದರೆ ಒಂದು ಟೀ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಈ ಲೆಕ್ಕದೊಳಗೇ ಸೇರಿತು. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯುವುದು ಮನೆಯವರೆಲ್ಲರ ಕೆಲಸ. ಬೀಡಿ, ಸಿಗರೇಟು, ಹೊಗೆಸೊಪ್ಪುಗಳ ವಿಷಯದಲ್ಲಿ ಮಿತಿಯೆಂಬ ಮಾತೇ ಇಲ್ಲ, ಬಿಡುವುದೊಂದೇ ದಾರಿ.

ಔಷಧದ ವಿಚಾರದಲ್ಲಿ ಒಂದು ಮಾತು. ಗುಳಿಗೆ ನುಂಗಿ ಮೂರು ತಿಂಗಳಾದ ಮೇಲೆ ಪರೀಕ್ಷೆಯಲ್ಲಿ ಅಂಕಿ ಇಳಿದಿರುವುದನ್ನು ಕಂಡು, “ವಾಸಿಯಾಯಿತು” ಎಂದು ಗುಳಿಗೆಯನ್ನು ನಿಲ್ಲಿಸುವವರು ಬಹುಮಂದಿ. ಕೊಡೆಯ ಕೆಳಗೆ ನೆನೆಯಲಿಲ್ಲವೆಂದು ಮಳೆಯಲ್ಲಿ ಕೊಡೆಯನ್ನು ಮಡಿಸಿದಂತಾಯಿತು ಇದು. ಸ್ಟಾಟಿನ್ ಗುಳಿಗೆಗಳಿಂದ ಕೆಲವರಿಗೆ ಮೈಕೈ ನೋವು ಬರುವುದುಂಟು. ಸಕ್ಕರೆಯ ಅಂಚಿನಲ್ಲಿರುವವರಿಗೆ ಅದು ತುಸು ಏರುವುದೂ ಉಂಟು. ಅಂತಹವರು ವೈದ್ಯರಿಗೆ ಹೇಳಿ ಪ್ರಮಾಣವನ್ನೋ ಬಗೆಯನ್ನೋ ಬದಲಾಯಿಸಿಕೊಳ್ಳಬೇಕೇ ವಿನಾ ತಾವಾಗಿ ಬಿಡಬಾರದು. ಬಸುರಾಗುವ ಆಲೋಚನೆಯುಳ್ಳ ಹೆಂಗಸರು ಮೊದಲೇ ವೈದ್ಯರನ್ನು ಕೇಳತಕ್ಕದ್ದು. ಒಳ್ಳೆಯದೆನಿಸಿಕೊಂಡ ಎಚ್.ಡಿ.ಎಲ್.ಅನ್ನು ಔಷಧದಿಂದ ಏರಿಸಹೊರಟವರು ೨೦೦೬ರಲ್ಲಿ ತಮ್ಮ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಔಷಧ ಪಡೆದವರಲ್ಲಿಯೇ ಸಾವು ಹೆಚ್ಚಿತು. ಆದುದರಿಂದ ಎಚ್.ಡಿ.ಎಲ್. ಏರಿಸುವೆವೆಂದು ಹೇಳಿ ಮಾರುವ ಪುಡಿ ಕಷಾಯಗಳಿಗೆ ಹಣ ಸುರಿಯದಿರುವುದೇ ಲೇಸು.

ಕಡೆಯದಾಗಿ ಮನೆಯ ಹೆಂಗಸರ ಮಾತು. ಹೃದಯಾಘಾತವು ಗಂಡಸರ ಕಾಯಿಲೆಯೆಂಬ ಭಾವನೆ ಇನ್ನೂ ಬಲವಾಗಿದೆ. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಎಲ್.ಡಿ.ಎಲ್. ಏರುವುದು, ನಡುವೂ ದಪ್ಪನಾಗುವುದು. ಅಪಾಯವು ವರ್ಷದಿಂದ ವರ್ಷಕ್ಕೆ ಗಂಡಸರದಕ್ಕೆ ಸಮೀಪಿಸುವುದು. ಅವರಲ್ಲಿ ಎದೆನೋವಿನ ಜೊತೆಗೆ, ಒಮ್ಮೊಮ್ಮೆ ಅದಿಲ್ಲದೆಯೂ, ಉಸಿರು ಕಟ್ಟುವುದು, ಬೆವರುವುದು, ವಾಕರಿಕೆ, ಬೆನ್ನು ದವಡೆಗಳ ನೋವು, ತಡೆಯಲಾರದ ಆಯಾಸ ಕಾಣಿಸಿಕೊಳ್ಳುವುವು. ಅದನ್ನು “ವಾಯು” ಎಂದು ಓಮದ ನೀರು ಕುಡಿದು ಮಲಗುವುದರಲ್ಲಿ ಅಮೂಲ್ಯವಾದ ಗಂಟೆಗಳು ಕಳೆದುಹೋಗುವುವು. ಇಂತಹ ಲಕ್ಷಣ ಯಾರಲ್ಲಿ ಕಂಡರೂ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು, ವಾಯುವಾಗಿದ್ದರೆ ನಷ್ಟವೇನು?

ಮನೆಯ ಜಮಾಖರ್ಚಿನ ಪುಸ್ತಕದ ಕೊನೆಯ ಹಾಳೆಯಲ್ಲಿ, ಮೂವತ್ತು ದಾಟಿದ ಪ್ರತಿಯೊಬ್ಬರ ಹೆಸರಿನ ಮುಂದೆ ಐದು ಕುರುಹುಗಳನ್ನೂ ಎಲ್.ಡಿ.ಎಲ್.ಅನ್ನೂ ವರ್ಷಕ್ಕೊಮ್ಮೆ ಬರೆದಿಡುವ ರೂಢಿ ಮಾಡಿಕೊಳ್ಳಬೇಕೆಂದು ನಾವು ವಾಚಕರನ್ನು ಪ್ರಾರ್ಥಿಸುತ್ತೇವೆ. ಹಾಳೆಯ ಮೊದಲನೆಯ ಸಾಲಿನಲ್ಲಿ, ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣುವವಳ ಹೆಸರಿರಲಿ. ಅವಳ ಅಂಕಿಗಳನ್ನು ಬರೆದ ಮೇಲೆ ಉಳಿದವರದನ್ನು ಬರೆಯಿರಿ.